ಡಬ್ಬಿ ಬೇರೆ, ಮದ್ದೂ ಬೇರೆಯಾ?

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದಿದ್ದು ರೈಫಲ್ ತೋಟಾ ತುಂಬುವ ಮದ್ದಿನ ಬಗ್ಗೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಮನೆಯಲ್ಲಿ ತೋಟಾ ತುಂಬಲು ಕಾನೂನಿನ ಅನುಮತಿ ಇಲ್ಲದ ಕಡೆ ಇರುವವರಿಗೆ ಇದೆಲ್ಲ ಓದಿಕೊಳ್ಳಲಿಕ್ಕೆ ಮಾತ್ರ.

ಪ್ರಶ್ನೆ: ನಾನು ಟಾರ್ಗೆಟ್ ಶೂಟಿಂಗ್ ಮಾಡುತ್ತೇನೆ. ರೈಫಲಿನ ತೋಟಾ 6.5 ಕ್ರೀಡ್‌ಮೂರ್. ಎರಡು ವರ್ಷದಿಂದ ಹಾಜ್‌ಡನ್ ಕಂಪನಿಯ ಎಚ್4350 ಹಾಕುತ್ತಿದ್ದೆ. ಈಗ ಅದು ಸಿಗುತ್ತಿಲ್ಲ, ಐಎಂಆರ್ ಅನ್ನುವ ಬ್ರ್ಯಾಂಡಿನ 4350 ಸಿಗುತ್ತಿದೆ. ಜೊತೆಗೆ ಶೂಟ್ ಮಾಡುವ ಹಿರಿಯರೊಬ್ಬರು "ನಂಬರ್ ಒಂದೇ ಅಲ್ವಾ, ಅಷ್ಟೇ ಅಳತೆ ಹಾಕು, ಬ್ರ್ಯಾಂಡ್ ಎಲ್ಲ ಸುಮ್ನೆ ಜಾಹೀರಾತು" ಅಂತಾರೆ. ಇನ್ನೊಬ್ಬರು "ಬ್ರ್ಯಾಂಡ್ ಬದಲಾಯಿಸಿದೆಯೋ, ಗುರಿ ಕೆಟ್ಟಿತು ಅಂದ್ಕೋ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಎರಡನೆಯವರದು ಅರ್ಧ ಸರಿ. ಮೊದಲನೆಯವರದು ಅಪಾಯ. ನೀವು ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಎದ್ದು ಬೆಂಚಿನ ಹತ್ತಿರ ಹೋಗಿಬಿಟ್ಟರೆ ಅಂತ ಮೊದಲೇ ಹೇಳುತ್ತಿದ್ದೇನೆ: ಎಚ್4350 ಮತ್ತು ಐಎಂಆರ್ 4350 ಒಂದೇ ಮದ್ದಲ್ಲ. ಮೊದಲನೆಯದು ಆಸ್ಟ್ರೇಲಿಯಾದ ಮುಲ್ವಾಲಾ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಎರಡನೆಯದು ಕೆನಡಾದಲ್ಲಿ. ಉರಿಯುವ ವೇಗದಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು, ನಿಜ. ಆದರೆ ಅಕ್ಕಪಕ್ಕದ ಮನೆ ಅಂದರೆ ಒಂದೇ ಮನೆ ಅಲ್ಲ.

4350 ಅನ್ನುವ ಅಂಕಿ ಅಳತೆಯಲ್ಲ. ಅದನ್ನು ನೋಡಿ ಇಷ್ಟು ವೇಗ, ಇಷ್ಟು ಒತ್ತಡ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಅಮೆರಿಕದ ಡ್ಯೂಪಾಂಟ್ ಕಂಪನಿ ತನ್ನ ರೈಫಲ್ ಮದ್ದುಗಳಿಗೆ ಇಟ್ಟುಕೊಂಡಿದ್ದ ಅಂಕಿಗಳಲ್ಲಿ ಅದೂ ಒಂದು. ಆಮೇಲೆ ಬಂದವರು ಅದೇ ಬಗೆಯ ಕೆಲಸ ಮಾಡುವ ತಮ್ಮ ಮದ್ದಿಗೂ ಅದೇ ಅಂಕಿ ಇಟ್ಟು, ಮುಂದೆ ತಮ್ಮ ಒಂದು ಅಕ್ಷರ ಸೇರಿಸಿದರು. ಕೊಳ್ಳುವವನಿಗೆ ಅಂದಾಜು ಸಿಗಲಿ ಅಂತ ಮಾಡಿದ್ದು, ಎಷ್ಟೋ ಜನರ ತಲೆ ಕೆಡಿಸಿತು.

ಇದರಲ್ಲಿ ಹಳೆಯ ಕಥೆಯೊಂದು 4831ರದು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸರ್ಕಾರದ ಬಳಿ 20 ಮಿಲಿಮೀಟರ್ ಫಿರಂಗಿಯ ಮದ್ದು ರಾಶಿರಾಶಿ ಉಳಿದಿತ್ತು. ಬ್ರೂಸ್ ಹಾಜ್‌ಡನ್ ಎನ್ನುವವರು ಅದನ್ನು ಕೊಂಡು, ಸಣ್ಣ ಡಬ್ಬಿಗಳಿಗೆ ಹಾಕಿ ಶೂಟರ್‌ಗಳಿಗೆ ಮಾರಿದರು. ಅದೇ ಮುಂದೆ ಎಚ್4831 ಆಯಿತು. 1970ರ ದಶಕದಲ್ಲಿ ಡ್ಯೂಪಾಂಟ್ ತನ್ನದೇ ಐಎಂಆರ್ 4831 ಮಾರುಕಟ್ಟೆಗೆ ಬಿಟ್ಟಿತು. ಅಂಕಿ ಅದೇ. ಆದರೆ ಹೊಸದು ಹಾಜ್‌ಡನ್‌ನದಕ್ಕಿಂತ ಬೇಗ ಉರಿಯುತ್ತಿತ್ತು. ಎಚ್4831ಕ್ಕೆ ಬರೆದಿಟ್ಟ ಗರಿಷ್ಠ ಅಳತೆಯನ್ನು ಹಾಗೇ ಐಎಂಆರ್‌ಗೆ ಹಾಕಿದರೆ ಒತ್ತಡ ಮಿತಿ ದಾಟುತ್ತದೆ. ಇವತ್ತಿಗೂ ರೀಲೋಡಿಂಗ್ ಪುಸ್ತಕಗಳು "ಇವೆರಡನ್ನು ಅದಲುಬದಲು ಮಾಡಬೇಡಿ" ಅಂತ ಎಚ್ಚರಿಸುತ್ತವೆ. ನಿಮ್ಮ ಹಿರಿಯರಿಗೆ ಇಷ್ಟು ಹೇಳಿದರೆ ಸಾಕು.

ಇನ್ನು ತಮಾಷೆ ಏನೆಂದರೆ, ಇದಕ್ಕೆ ಪೂರ್ತಿ ಉಲ್ಟಾ ಆಗಿರುವುದೂ ಉಂಟು. ಹೆಸರು ಬೇರೆ, ಡಬ್ಬಿ ಬೇರೆ, ಬಣ್ಣ ಬೇರೆ, ಒಳಗಿನ ಮದ್ದು ಮಾತ್ರ ಒಂದೇ. ಹಾಜ್‌ಡನ್ ಎಚ್110 ಮತ್ತು ವಿನ್‌ಚೆಸ್ಟರ್ 296 ಒಂದೇ ಮದ್ದು. ಎಚ್414 ಮತ್ತು ವಿನ್‌ಚೆಸ್ಟರ್ 760 ಕೂಡ ಹಾಗೇ. ಇದೇನೂ ಗುಟ್ಟಲ್ಲ, ಮಾರುವವರೇ ಒಪ್ಪಿಕೊಂಡಿರುವ ಮಾತು. ಈ ಬಗೆಯ ಗುಂಡುಮದ್ದು, ಅಂದರೆ ಕಾಳು ಉರುಟಾಗಿರುವ ಮದ್ದು, ಬರುವುದು ಅಮೆರಿಕದ ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆಯಿಂದ. ಹಾಗೆಯೇ ಹಾಜ್‌ಡನ್ ವಾರ್ಗೆಟ್ ಅಂತ ಮಾರುವುದನ್ನು ಅದರ ತಯಾರಕರಾದ ಆಸ್ಟ್ರೇಲಿಯಾದ ಎಡಿಐ ತಮ್ಮ ದೇಶದಲ್ಲಿ ಎಆರ್2208 ಅಂತ ಮಾರುತ್ತಾರೆ. ನಿಮ್ಮ ಎಚ್4350 ಅಲ್ಲಿ ಎಆರ್2209. ನಿಮಗೆ ಎಚ್4350 ಸಿಗದೆ ಎಆರ್2209 ಸಿಕ್ಕಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ.

ಸ್ಪರ್ಧೆ ಅಂತೀವಲ್ಲ, ಅದನ್ನೂ ಸ್ವಲ್ಪ ನೋಡಿ. ಹಾಜ್‌ಡನ್ 2003ರಲ್ಲಿ ಐಎಂಆರ್ ಕಂಪನಿಯನ್ನು ಕೊಂಡಿತು. 2006ರಿಂದ ವಿನ್‌ಚೆಸ್ಟರ್ ಹೆಸರಿನ ಮದ್ದು ಮಾರುವ ಹಕ್ಕೂ ಅವರದೇ. 2020ರಲ್ಲಿ ಅಕ್ಯುರೇಟ್ ಮತ್ತು ರಾಮ್‌ಶಾಟ್ ಕೂಡ ಅವರ ಕೈಗೆ ಬಂದವು. ಕಪಾಟಿನಲ್ಲಿ ಐದು ಬ್ರ್ಯಾಂಡ್ ಮುಖ ತಿರುಗಿಸಿಕೊಂಡು ಕೂತಿವೆ, ಯಜಮಾನ ಒಬ್ಬನೇ. ಹೊರಗೆ ಉಳಿದ ದೊಡ್ಡ ಹೆಸರುಗಳೆಂದರೆ ರೀಲೋಡರ್ ಸರಣಿಯ ಅಲಯಂಟ್, ಫಿನ್‌ಲ್ಯಾಂಡಿನ ವಿಹ್ತಾವುವೊರಿ, ಇನ್ನೊಂದಷ್ಟು. ಆದ್ದರಿಂದ "ಯಾವ ಬ್ರ್ಯಾಂಡ್ ಒಳ್ಳೆಯದು" ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಕೇಳಬೇಕಾದ್ದು "ಯಾವ ಮದ್ದು" ಅಂತ. ಒಂದೇ ಬ್ರ್ಯಾಂಡಿನ ಎರಡು ಮದ್ದುಗಳ ನಡುವೆ ಇರುವ ದೂರ, ಎರಡು ಬ್ರ್ಯಾಂಡುಗಳ ನಡುವಿನ ದೂರಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಸರಿ, ಉರಿಯುವ ವೇಗದ ಪಟ್ಟಿಯಲ್ಲಿ ಅಕ್ಕಪಕ್ಕ ಕೂತ ಎರಡು ಮದ್ದು ರೈಫಲ್ ಒಳಗೆ ಯಾಕೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ? ಇದಕ್ಕೆ ಒಂದು ಭೂತಗನ್ನಡಿ ಸಾಕು. ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಕಡ್ಡಿಮದ್ದು ಹಾಕಿ ನೋಡಿ. ಎಚ್4350 ಅಂಥದ್ದೇ, ಪೆನ್ಸಿಲ್ ಸೀಸವನ್ನು ತುಂಡು ಮಾಡಿದ ಹಾಗೆ ಕಾಣುತ್ತದೆ. ಒಂದು ತುಂಡನ್ನು ಚಿಮಟದಲ್ಲಿ ಎತ್ತಿ ತುದಿಯನ್ನು ಬೆಳಕಿಗೆ ಹಿಡಿಯಿರಿ. ನಡುವೆ ಸೂಜಿ ಚುಚ್ಚಿದಷ್ಟು ತೂತು ಕಾಣುತ್ತದೆ. ಕಡ್ಡಿ ಹೊರಗಿನಿಂದ ಉರಿಯುತ್ತಾ ಸಣ್ಣದಾಗುತ್ತದೆ, ಒಳಗಿನ ತೂತು ಉರಿಯುತ್ತಾ ದೊಡ್ಡದಾಗುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸೇರಿ, ಉರಿಯುವ ಮೈ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಗುಂಡುಮದ್ದಿಗೆ ಆ ತೂತಿಲ್ಲ. ಉರಿದಂತೆ ಅದರ ಮೈ ಕುಗ್ಗುತ್ತಲೇ ಹೋಗುತ್ತದೆ. ಹಾಗಾಗಿ ಶುರುವಿನಲ್ಲೇ ಭಗ್ ಅಂತ ಹೊತ್ತಿಕೊಳ್ಳದಿರಲಿ ಅಂತ ಅದರ ಮೈಗೆ ಉರಿ ತಡೆಯುವ ಲೇಪ ಕೊಡುತ್ತಾರೆ. ಕಡ್ಡಿಗೂ ಲೇಪ ಇರುತ್ತದೆ, ಗುಂಡುಮದ್ದು ಮಾತ್ರ ಪೂರ್ತಿ ಅದನ್ನೇ ನೆಚ್ಚಿಕೊಂಡಿರುತ್ತದೆ. ಮೇಲಿನ ಕಪ್ಪು ಹೊಳಪು ಗ್ರಾಫೈಟ್‌ನದು. ಸ್ಥಿರವಿದ್ಯುತ್ತಿನ ಕಿಡಿ ಹಾರದಿರಲಿ, ಸುರಿಯುವಾಗ ಅಂಟದಿರಲಿ ಅಂತ ಅದು.

ಇದಲ್ಲದೆ ಒಡಲಿನಲ್ಲೂ ವ್ಯತ್ಯಾಸ ಇದೆ. ಬರೀ ನೈಟ್ರೋಸೆಲ್ಯುಲೋಸ್ ಇದ್ದರೆ ಸಿಂಗಲ್ ಬೇಸ್. ನೈಟ್ರೋಗ್ಲಿಸರಿನ್ ಬೆರೆಸಿದ್ದರೆ ಡಬಲ್ ಬೇಸ್, ಅದೇ ತೂಕದಲ್ಲಿ ಶಕ್ತಿ ಜಾಸ್ತಿ. ವಿಹ್ತಾವುವೊರಿಯವರ ಎನ್100 ಸಾಲು ಮೊದಲ ಬಗೆ, ಎನ್500 ಸಾಲು ನೈಟ್ರೋಗ್ಲಿಸರಿನ್ ಸೇರಿಸಿದ್ದು. ಒಂದೇ ಬ್ರ್ಯಾಂಡ್, ಎನ್150 ಮತ್ತು ಎನ್550 ಅಂತ ಹೆಸರೂ ಅಣ್ಣತಮ್ಮನ ಹಾಗೆ, ಅಳತೆ ಮಾತ್ರ ಬೇರೆ. ಉರಿಯುವ ವೇಗದ ಪಟ್ಟಿ ಇದ್ಯಾವುದನ್ನೂ ಹೇಳುವುದಿಲ್ಲ. ಅದು ಸುಮ್ಮನೆ ಮೇಲಿಂದ ಕೆಳಕ್ಕೆ ಬರೆದ ಹೆಸರುಗಳು. 40ನೆಯದಕ್ಕೂ 41ನೆಯದಕ್ಕೂ ಎಷ್ಟು ಅಂತರ ಅಂತ ಅದರಲ್ಲಿ ಇಲ್ಲ. ನಿಮ್ಮ ತೋಟಾದೊಳಗೆ, ನಿಮ್ಮ ಗುಂಡಿನ ತೂಕಕ್ಕೆ ಆ ಸಾಲು ಹಿಂದೆಮುಂದೆ ಆಗಲೂಬಹುದು.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನುವವರಿಗೆ ಅಮೆರಿಕದ ಸೇನೆಯ ಎಂ16 ರೈಫಲಿನ ಕಥೆ ಹೇಳಬೇಕು. ಆ ರೈಫಲ್ ರೂಪುಗೊಂಡಿದ್ದು ಡ್ಯೂಪಾಂಟ್‌ನ ಕಡ್ಡಿಮದ್ದಿನ ಜೊತೆ. 1964ರಲ್ಲಿ ಸೇನೆ ಗುಂಡುಮದ್ದಿಗೆ ಒಪ್ಪಿಗೆ ಕೊಟ್ಟಿತು. ಗುಂಡಿನ ವೇಗ ಅದೇ, ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ ಒತ್ತಡ ಮಿತಿಯೊಳಗೇ. ಕಾಗದದ ಮೇಲೆ ಎಲ್ಲ ಸರಿ. ಆದರೆ ಬ್ಯಾರೆಲ್ ನಡುವೆ, ರೈಫಲನ್ನು ತಾನಾಗಿ ಓಡಿಸುವ ಗ್ಯಾಸ್ ಹೊರಗೆ ಹೋಗುವ ತೂತಿನ ಹತ್ತಿರ ಒತ್ತಡ ಬೇರೆ ಥರ ಇತ್ತು. ರೈಫಲ್ ಅಂದುಕೊಂಡದ್ದಕ್ಕಿಂತ ಜೋರಾಗಿ ಓಡತೊಡಗಿತು, ಒಳಗೆ ಮಸಿ ಜಾಸ್ತಿ ಕಟ್ಟಿತು, ವಿಯೆಟ್ನಾಂನಲ್ಲಿ ರೈಫಲುಗಳು ನಡುವೆ ನಿಂತುಹೋದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ಇದರ ವಿಚಾರಣೆ ಮಾಡಿತು. ಮದ್ದೊಂದೇ ಕಾರಣ ಅಂತಲ್ಲ. ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಸಾಕಷ್ಟು ಕ್ಲೀನಿಂಗ್ ಸಾಮಾನು ಕೊಟ್ಟಿರಲಿಲ್ಲ. ಆದರೂ "ವೇಗ ಒಂದೇ ಬಂದರೆ ಮದ್ದೂ ಒಂದೇ" ಅನ್ನುವ ಲೆಕ್ಕ ಎಲ್ಲಿ ಎಡವುತ್ತದೆ ಅಂತ ಇದರಲ್ಲಿ ಕಾಣುತ್ತದೆ. ಹೀಗೇ ಗ್ಯಾಸಿನಿಂದ ಓಡುವ ಎಂ1 ಗ್ಯಾರಂಡ್ ಅನ್ನುವ ಹಳೆಯ ರೈಫಲ್ ಇಟ್ಟುಕೊಂಡವರಿಗೂ ಇದು ಗೊತ್ತಿರುತ್ತದೆ. ಅದಕ್ಕೆ 4895ರ ಆಸುಪಾಸಿನ ಮದ್ದೇ ಸರಿ. ತುಂಬಾ ನಿಧಾನ ಉರಿಯುವುದನ್ನು ಹಾಕಿದರೆ ಗುರಿ ಚೆನ್ನಾಗಿಯೇ ಬೀಳಬಹುದು, ಆದರೆ ಗ್ಯಾಸಿನ ತಳ್ಳಾಟ ತಾಳುವ ಸರಳು, ಅಂದರೆ ಆಪರೇಟಿಂಗ್ ರಾಡ್ ಬಾಗುತ್ತದೆ. ನಿಮ್ಮದು ಪ್ರತಿ ಸಲ ಕೈಯಲ್ಲೇ ಎಳೆದು ತೋಟಾ ಹಾಕುವ ಬೋಲ್ಟ್ ರೈಫಲ್ ಆಗಿದ್ದರೆ ಈ ತಲೆನೋವು ಇಲ್ಲ.

ಈಗ ಲಾಟ್ ವಿಷಯ. ಇದನ್ನು ಜನ ಮರೆಯುತ್ತಾರೆ. ಕಾರ್ಖಾನೆಯಲ್ಲಿ ಒಂದು ಸಲ ತಯಾರಾದ ರಾಶಿಗೂ ಮುಂದಿನ ಸಲದ ರಾಶಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಚಿಲ್ಲರೆ ಡಬ್ಬಿಯಲ್ಲಿ ನಮಗೆ ಸಿಗುವ ಮದ್ದನ್ನು ಅವರು ಪರೀಕ್ಷೆ ಮಾಡಿ, ಬೇಗದ ರಾಶಿಗೆ ನಿಧಾನದ್ದನ್ನು ಬೆರೆಸಿ, ಒಂದು ಮಟ್ಟಕ್ಕೆ ತಂದು ಕೊಡುತ್ತಾರೆ. ತೋಟಾ ಕಾರ್ಖಾನೆಗಳು ಕೊಳ್ಳುವ ಸಗಟು ಮದ್ದಿಗೆ ಇಷ್ಟು ಬಿಗಿ ಬೇಕಿಲ್ಲ, ಯಾಕೆಂದರೆ ಅವರ ಹತ್ತಿರ ಒತ್ತಡ ಅಳೆಯುವ ಬ್ಯಾರೆಲ್ ಇದೆ, ಪ್ರತಿ ರಾಶಿಗೂ ಅಳತೆ ಹೊಸದಾಗಿ ಕಟ್ಟುತ್ತಾರೆ. ನಮ್ಮ ಹತ್ತಿರ ಅದಿಲ್ಲ. ಹಾಗಾಗಿ ಅದೇ ಬ್ರ್ಯಾಂಡ್, ಅದೇ ಹೆಸರು, ಹೊಸ ಲಾಟ್ ಬಂದರೂ ನಾನು ಸ್ವಲ್ಪ ಕೆಳಗಿಳಿದೇ ಶುರು ಮಾಡುತ್ತೇನೆ. ಬ್ರ್ಯಾಂಡ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಡಬ್ಬಿಯ ತಳದಲ್ಲಿರುವ ಲಾಟ್ ನಂಬರನ್ನು ಬರೆದಿಟ್ಟುಕೊಂಡಿರುವುದಿಲ್ಲ. ನನಗಂತೂ ಅದು ನೋಡಿ ನಗು ಬರುತ್ತದೆ.

ನೀವು ಈಗ ಮಾಡಬೇಕಾದ್ದು ಇಷ್ಟು. ಐಎಂಆರ್ 4350 ಒಳ್ಳೆಯ ಮದ್ದು, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಎಚ್4350ರ ನಿಮ್ಮ ಹಳೆಯ ಪುಸ್ತಕವನ್ನು ಮುಚ್ಚಿಡಿ. ಐಎಂಆರ್ 4350 ಅಂತಲೇ ಹೆಸರು ಬರೆದಿರುವ, ನಿಮ್ಮ ಗುಂಡಿನ ತೂಕಕ್ಕೇ ಕೊಟ್ಟಿರುವ ಪಟ್ಟಿ ತೆಗೆದು, ಆರಂಭದ ಅಳತೆಯಿಂದ ಮೇಲಕ್ಕೆ ಬನ್ನಿ. ಬೋಲ್ಟ್ ಎತ್ತುವಾಗ ಬಿಗಿಯಾಯಿತೇ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲು) ಚಪ್ಪಟೆಯಾಯಿತೇ, ಖಾಲಿ ಕೇಸಿನ, ಅಂದರೆ ತೋಟಾದ ಕೊಳವೆಯ ತಳದಲ್ಲಿ ಹೊಳೆಯುವ ಗುರುತು ಬಿತ್ತೇ ನೋಡುತ್ತಿರಿ. ಆದರೆ ಈ ಲಕ್ಷಣಗಳನ್ನೇ ನಂಬಿ ಪಟ್ಟಿಯ ಗರಿಷ್ಠ ದಾಟಬೇಡಿ. 6.5 ಕ್ರೀಡ್‌ಮೂರಿಗೆ ಒತ್ತಡದ ಮಿತಿ ಚದರ ಅಂಗುಲಕ್ಕೆ 62,000 ಪೌಂಡ್, ಅಂದರೆ 62,000 ಪಿಎಸ್‌ಐ. ಈ ಲಕ್ಷಣಗಳು ಎಷ್ಟೋ ಸಲ ಆ ಮಿತಿ ದಾಟಿದ ಮೇಲೆಯೇ ಕಾಣಿಸಿಕೊಳ್ಳುತ್ತವೆ.

ಗುರಿ ಕೆಡುತ್ತದೆಯೇ? ಹಳೆಯ ಅಳತೆಯಲ್ಲಿ ಕೆಡಬಹುದು. ಹೊಸ ಅಳತೆ ಹುಡುಕಿಕೊಂಡ ಮೇಲೆ, 100 ಮೀಟರಿನಲ್ಲಿ ಎರಡು ಕಾಗದ ಪಕ್ಕಪಕ್ಕ ಇಟ್ಟು ಯಾವುದು ಯಾವ ಮದ್ದಿನದು ಹೇಳಿ ಅಂದರೆ ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಪ್ರಶ್ನೆ: ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತಗೊಂಡೆ. ಎರಡು ಕಂಪನಿಯ ಮದ್ದು ಐದೈದು ಹೊಡೆದು ನೋಡಿದೆ. ಒಂದರ ಸ್ಟ್ಯಾಂಡರ್ಡ್ ಡಿವಿಯೇಷನ್ (ವೇಗ ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಂಕಿ) ಸೆಕೆಂಡಿಗೆ 8 ಅಡಿ, ಇನ್ನೊಂದರದು 14. ಮೊದಲನೆಯದೇ ಒಳ್ಳೆಯದು ಅಂತ ತೀರ್ಮಾನ ಮಾಡಬಹುದಲ್ವಾ?

ಉತ್ತರ: ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ವರ್ಷಗಟ್ಟಲೆ ಹೀಗೇ ತೀರ್ಮಾನ ಮಾಡುತ್ತಿದ್ದೆ.

ಐದು ಗುಂಡಿನಿಂದ ಬಂದ ಡಿವಿಯೇಷನ್ ಅಂಕಿ ತುಂಬಾ ಸಡಿಲ. ಲೆಕ್ಕ ಹಾಕಿ ನೋಡಿದರೆ, ಐದರಲ್ಲಿ 8 ಬಂದಿದೆ ಅಂದರೆ ನಿಜವಾದದ್ದು ಸುಮಾರು 5ರಿಂದ 23ರ ನಡುವೆ ಎಲ್ಲಿ ಬೇಕಾದರೂ ಇರಬಹುದು, 100ಕ್ಕೆ 95 ಪಾಲು ಖಾತ್ರಿಯಲ್ಲಿ. 14 ಬಂದಿದೆ ಅಂದರೆ 8ರಿಂದ 40. ಎರಡೂ ಒಂದರ ಮೇಲೊಂದು ಮಲಗಿವೆ. ನಾಳೆ ಅದೇ ಡಬ್ಬಿಗಳಿಂದ ಮತ್ತೆ ಐದೈದು ಹೊಡೆದರೆ ಫಲಿತಾಂಶ ತಿರುಗುಮುರುಗಾದರೂ ಆಶ್ಚರ್ಯ ಇಲ್ಲ. ಒಂದೊಂದರಲ್ಲಿ 30 ಹೊಡೆಯಿರಿ. ಆಗ 10 ಬಂದರೆ ನಿಜವಾದದ್ದು 8ರಿಂದ 13ರ ಸುತ್ತ ಇರುತ್ತದೆ, ಮಾತಾಡಲು ಒಂದು ಆಧಾರ ಸಿಗುತ್ತದೆ. 30 ಹೊಡೆಯಲು ಮನಸ್ಸಿಲ್ಲದಿದ್ದರೆ ತೀರ್ಮಾನ ಮಾಡುವ ಮನಸ್ಸೂ ಬೇಡ.

ಈ ಅಂಕಿಯ ಬೆನ್ನು ಹತ್ತುವ ಮೊದಲು ನೀವು ಎಷ್ಟು ದೂರ ಹೊಡೆಯುತ್ತೀರಿ ಅಂತಲೂ ನೋಡಿಕೊಳ್ಳಿ. ಸೆಕೆಂಡಿಗೆ 30 ಅಡಿ ವ್ಯತ್ಯಾಸ ಇದ್ದರೂ 100 ಮೀಟರಿನಲ್ಲಿ ಗುಂಡು ಮೇಲೆಕೆಳಗೆ ಆಗುವುದು ಒಂದೆರಡು ಮಿಲಿಮೀಟರ್. ಗುಂಡು ಮಾಡುವ ತೂತೇ ಅದಕ್ಕಿಂತ ದೊಡ್ಡದು. ಅದೇ 1,000 ಮೀಟರಿಗೆ ಹೋದರೆ ಒಂದು ಗೇಣು ಆಗುತ್ತದೆ. ಅಲ್ಲಿ ಹೊಡೆಯುವವರು ಮದ್ದನ್ನು ಆರಿಸಿ, ತೂಗಿ, ಮತ್ತೆ ತೂಗಿ ಒದ್ದಾಡುವುದಕ್ಕೆ ಅರ್ಥ ಇದೆ.

ಇನ್ನೊಂದು ಮಾತು. ನಿಮ್ಮ 8 ಮತ್ತು 14ರಲ್ಲಿ ಮದ್ದಿನ ಪಾಲೆಷ್ಟು, ನಿಮ್ಮ ಕೈಯ ಪಾಲೆಷ್ಟು? ಕೇಸುಗಳು ಒಂದೇ ಲಾಟಿನವೇ? ಗುಂಡನ್ನು ಹಿಡಿಯುವ ಕೇಸಿನ ಕತ್ತಿನ ಬಿಗಿ ಒಂದೇ ಥರ ಇತ್ತೇ? ಪ್ರೈಮರ್ ಬದಲಾಗಿತ್ತೇ? ಇವಿಷ್ಟನ್ನೂ ಬಿಟ್ಟು ಎಲ್ಲ ತಪ್ಪನ್ನೂ ಡಬ್ಬಿಯ ಮೇಲೆ ಹಾಕಿದರೆ ಡಬ್ಬಿಗೇನು ಬಾಯಿ ಇದೆಯಾ.

ಪ್ರಶ್ನೆ: ಬಿಸಿಲಿಗೂ ಚಳಿಗೂ ಬದಲಾಗದ ಮದ್ದು ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದು ನಿಜವೋ ಮಾರಾಟದ ಮಾತೋ?

ಉತ್ತರ: ಬಹಳಷ್ಟು ನಿಜ. ಪ್ರಯೋಗದಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ವ್ಯತ್ಯಾಸ ಕಾಣುವುದು ಇದರಲ್ಲೇ.

ಮದ್ದು ಬಿಸಿಯಾಗಿದ್ದರೆ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ, ವೇಗ ಏರುತ್ತದೆ. ತಣ್ಣಗಿದ್ದರೆ ಇಳಿಯುತ್ತದೆ. ಇದು ಎಲ್ಲ ಮದ್ದಿಗೂ ಇದೆ, ಪ್ರಮಾಣ ಬೇರೆಬೇರೆ. ಹಾಜ್‌ಡನ್‌ನವರು ಎಕ್ಸ್‌ಟ್ರೀಮ್ ಅಂತ ಕರೆಯುವ ಆಸ್ಟ್ರೇಲಿಯಾದ ಕಡ್ಡಿಮದ್ದುಗಳು, ಅಂದರೆ ವಾರ್ಗೆಟ್, ಎಚ್4350, ಎಚ್4895, ಎಚ್1000 ಇತ್ಯಾದಿ, ಈ ವಿಷಯದಲ್ಲಿ ಹೆಸರು ಮಾಡಿವೆ. ಅಲಯಂಟ್‌ನವರ ರೀಲೋಡರ್ 16 ಮತ್ತು 23 ಇದೇ ಉದ್ದೇಶಕ್ಕೆ ಬಂದವು. ಅದೇ ಅಲಯಂಟ್‌ನ ಹಳೆಯ ರೀಲೋಡರ್ 22 ಒಳ್ಳೆಯ ವೇಗ ಕೊಡುತ್ತದೆ, ಆದರೆ ಬಿಸಿಲು ಕಂಡರೆ ಜಿಗಿಯುತ್ತದೆ ಅಂತ ಬಳಸಿದವರೆಲ್ಲ ಹೇಳುತ್ತಾರೆ. ಮತ್ತೆ ನೋಡಿ, ಒಂದೇ ಬ್ರ್ಯಾಂಡ್, ಎರಡು ಸ್ವಭಾವ. ಗುಂಡುಮದ್ದುಗಳಲ್ಲಿ ಹೆಚ್ಚಿನವು ಕಡ್ಡಿಗಿಂತ ಶಾಖಕ್ಕೆ ಬೇಗ ಬದಲಾಗುತ್ತವೆ, ಈಚಿನವು ಸುಧಾರಿಸಿವೆ.

"ಬದಲಾಗದ" ಅನ್ನುವುದನ್ನು ಮಾತ್ರ "ಕಡಿಮೆ ಬದಲಾಗುವ" ಅಂತ ಓದಿಕೊಳ್ಳಿ. ಅದೂ ತೋಟಾ ತೋಟಾಗೂ ಬೇರೆ. .308 ತೋಟಾದಲ್ಲಿ ಕಲ್ಲಿನ ಹಾಗೆ ನಿಂತ ಮದ್ದು ಇನ್ನೊಂದರಲ್ಲಿ ಅಷ್ಟು ನಿಲ್ಲದೆ ಇರಬಹುದು. ಗಾಳಿಯ ಶಾಖವೊಂದೇ ಲೆಕ್ಕವೂ ಅಲ್ಲ. ಇಪ್ಪತ್ತು ಗುಂಡು ಹೊಡೆದು ಕಾದ ಚೇಂಬರಿನಲ್ಲಿ ತೋಟಾ ಇಟ್ಟು, ಗಾಳಿ ನಿಲ್ಲಲಿ ಅಂತ ಎರಡು ನಿಮಿಷ ಕಾದಿರಿ ಅಂದುಕೊಳ್ಳಿ. ಒಳಗಿನ ಮದ್ದು ಅಷ್ಟರಲ್ಲಿ ಬೆಂದಿರುತ್ತದೆ. ಆ ಗುಂಡು ಮೇಲೆ ಹೋಗುತ್ತದೆ, ನಾವು "ಯಾಕೋ ಇದೊಂದು ಹಾರಿತು" ಅಂತೀವಿ. ಗಾಳಿ ನಿಂತ ಮೇಲೆಯೇ ತೋಟಾ ಒಳಗೆ ಹಾಕಿ, ಹೊಡೆಯಿರಿ.

ಚಳಿಯಲ್ಲಿ ಗರಿಷ್ಠದವರೆಗೆ ಕಟ್ಟಿದ ಅಳತೆಯನ್ನು ಕಡುಬೇಸಿಗೆಗೆ ಹಾಗೇ ಒಯ್ಯಬೇಡಿ. ಮೇಲಿನ ತುದಿಯ ಪರೀಕ್ಷೆಯನ್ನು ಬಿಸಿ ದಿನದಲ್ಲೇ ಮಾಡಿ. ಯಾವ ಡಬ್ಬಿ ಆದರೂ ಇದು ಬದಲಾಗುವುದಿಲ್ಲ.

ಪ್ರಶ್ನೆ: ಕಡ್ಡಿಮದ್ದು ಅಳೆಯುವ ಯಂತ್ರದಲ್ಲಿ ಕರಕರ ಅನ್ನುತ್ತದೆ, ಅಳತೆ ಒಂದೇ ಥರ ಬೀಳುವುದಿಲ್ಲ. ಬ್ರ್ಯಾಂಡ್ ಬದಲಾಯಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಬ್ರ್ಯಾಂಡ್ ಅಲ್ಲ, ಆಕಾರ ಬದಲಾಯಿಸಿ. ಆ ಕರಕರ ಉದ್ದ ಕಡ್ಡಿ ಯಂತ್ರದ ಅಂಚಿಗೆ ಸಿಕ್ಕಿ ಮುರಿಯುವ ಸದ್ದು. ಗುಂಡುಮದ್ದು ನೀರಿನ ಹಾಗೆ ಇಳಿಯುತ್ತದೆ, ಗ್ರೇನ್ ಅನ್ನುವ ಸಣ್ಣ ತೂಕದ ಹತ್ತನೇ ಒಂದು ಪಾಲಿನ ಆಚೀಚೆಯಲ್ಲೇ ಬೀಳುತ್ತದೆ. ನೂರಾರು ತೋಟಾ ತುಂಬುವವರಿಗೆ ಅದೇ ಸುಖ. ನಡುವಿನ ದಾರಿಯೂ ಇದೆ, ಎಚ್4831 ಎಸ್‌ಸಿ ಅಂಥದ್ದು. ಎಸ್‌ಸಿ ಅಂದರೆ ಕಡ್ಡಿ ಗಿಡ್ಡ ಮಾಡಿದ್ದು ಅಂತ.

ಕಡ್ಡಿಯನ್ನೇ ಇಟ್ಟುಕೊಳ್ಳುತ್ತೀರಾದರೆ ಯಂತ್ರವನ್ನು ಸ್ವಲ್ಪ ಕಡಿಮೆಗೆ ಕಟ್ಟಿ, ತಟ್ಟೆಗೆ ಬಿಟ್ಟು, ತಕ್ಕಡಿಯ ಮೇಲೆ, ಮದ್ದನ್ನು ಸ್ವಲ್ಪಸ್ವಲ್ಪವೇ ಉದುರಿಸುವ ಟ್ರಿಕ್ಲರ್‌ನಿಂದ ಕಡ್ಡಿಕಡ್ಡಿಯಾಗಿ ಪೂರ್ತಿ ಮಾಡಿ. ವಾರ್ಗೆಟ್‌ನ ಒಂದು ಕಡ್ಡಿ 0.02 ಗ್ರೇನ್ ಆಸುಪಾಸು ತೂಗುತ್ತದೆ. ಐದು ಕಡ್ಡಿ ಬಿದ್ದರೆ ತಕ್ಕಡಿಯ ಕೊನೆಯ ಅಂಕಿ ಒಂದು ಸಲ ಕದಲುತ್ತದೆ, ಕೂತು ನೋಡುವುದಕ್ಕೆ ಒಂಥರಾ ಮಜಾ. ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಪ್ರಶ್ನೆ: ಎರಡು ಕಂಪನಿಯ ಮದ್ದು ಡಬ್ಬಿಯ ತಳದಲ್ಲಿ ಸ್ವಲ್ಪಸ್ವಲ್ಪ ಉಳಿದಿದೆ. ಎರಡೂ ಒಂದೇ ವೇಗದ್ದು. ಬೆರೆಸಿ ಮುಗಿಸಿಬಿಡಲೇ?

ಉತ್ತರ: ಬೇಡ. ಕಾರ್ಖಾನೆಯವರು ರಾಶಿ ಬೆರೆಸುತ್ತಾರೆ ಅಂತ ಮೇಲೆ ಬರೆದೆ, ನಿಜ. ಅವರು ಬೆರೆಸಿದ ಮೇಲೆ ಅಳೆಯುತ್ತಾರೆ. ನೀವು ಬೆರೆಸಿದ್ದಕ್ಕೆ ಯಾವ ಪುಸ್ತಕದಲ್ಲೂ ಪಟ್ಟಿ ಇಲ್ಲ.

ನನ್ನದೇ ಒಂದು ಪ್ರಸಂಗ ಕೇಳಿ. ಒಂದು ಸಂಜೆ ಕೆಲಸ ಮುಗಿಸಿ ಯಂತ್ರದ ಬುಟ್ಟಿಯಲ್ಲಿ ಉಳಿದದ್ದನ್ನು ಡಬ್ಬಿಗೆ ವಾಪಸ್ ಸುರಿದೆ. ಸುರಿಯುವಾಗಲೇ ಯಾಕೋ ಅನುಮಾನ. ಸುರಿದದ್ದು ಕಡ್ಡಿ ಗಿಡ್ಡ ಇರುವ ಮದ್ದು, ಡಬ್ಬಿಯೊಳಗೆ ಇದ್ದದ್ದು ಉದ್ದ ಕಡ್ಡಿಯದು. ಬೆಂಚಿನ ಮೇಲೆ ಎರಡು ಡಬ್ಬಿ ಇಟ್ಟುಕೊಂಡಿದ್ದೆ, ಎರಡೂ ಒಂದೇ ಕಂಪನಿಯವು, ಲೇಬಲ್ಲಿನ ಬಣ್ಣವೂ ಒಂದೇ. ಮುಕ್ಕಾಲು ತುಂಬಿದ್ದ ಡಬ್ಬಿ. ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ, ಜರಡಿ ಹಿಡಿದು ಬೇರ್ಪಡಿಸಲಾ ಅಂತಲೂ ಒಂದು ಹುಚ್ಚು ಯೋಚನೆ ಬಂತು. ಕೊನೆಗೆ ಅಷ್ಟನ್ನೂ ನಾಶ ಮಾಡಿದೆ. ಅವತ್ತಿನಿಂದ ಬೆಂಚಿನ ಮೇಲೆ ಒಂದೇ ಡಬ್ಬಿ. ಬುಟ್ಟಿಯಲ್ಲಿ ಮದ್ದು ಇರುವಷ್ಟು ಹೊತ್ತು ಡಬ್ಬಿ ಯಂತ್ರದ ಪಕ್ಕದಲ್ಲೇ, ಲೇಬಲ್ ನನ್ನ ಕಡೆಗೆ.

ಪ್ರಶ್ನೆ: ಹಳೆಯ ಡಬ್ಬಿಯೊಂದನ್ನು ಈಚೆಗೆ ತೆರೆದೆ. ಮೂಗಿಗೆ ಹುಳಿ ಹುಳಿ ವಾಸನೆ. ಒಳ್ಳೆಯ ಕಂಪನಿಯದು, ಕೆಡುವುದಿಲ್ಲ ಅಂತ ಕೇಳಿದ್ದೆ. ಬಳಸಬಹುದೇ?

ಉತ್ತರ: ಬಳಸಬೇಡಿ. ಕೆಡದ ಕಂಪನಿ ಇಲ್ಲ. ಒಳ್ಳೆಯ ಮದ್ದಿಗೆ ಈಥರ್ ಅಥವಾ ಸ್ಪಿರಿಟ್ ಥರದ ತಿಳಿ ವಾಸನೆ ಇರುತ್ತದೆ. ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನಕ್ಕೆ ಒಡೆಯುವ ವಸ್ತು. ಅದನ್ನು ತಡೆಯಲು ಡೈಫಿನೈಲಮೀನ್ ಅಂಥ ಸ್ಥಿರಕಾರಿ ಸೇರಿಸಿರುತ್ತಾರೆ. ಅದು ತೀರಿದ ಮೇಲೆ ಆಮ್ಲ ಹುಟ್ಟುತ್ತದೆ, ಆಮ್ಲ ಇನ್ನಷ್ಟು ಒಡೆಯುತ್ತದೆ. ಮೂಗಿಗೆ ಚುಚ್ಚುವ ಹುಳಿ, ಡಬ್ಬಿಯ ಒಳಗೆ ತುಕ್ಕು, ಸುರಿದಾಗ ಕೆಂಗಂದು ಧೂಳು ಅಥವಾ ಹೊಗೆ, ಇಷ್ಟರಲ್ಲಿ ಒಂದು ಕಂಡರೂ ಅದರ ಕಥೆ ಮುಗಿದ ಹಾಗೆ. ಇಟ್ಟುಕೊಂಡರೆ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವ ಸಾಧ್ಯತೆ ಕೂಡ ಇದೆ. ಮನೆಯಿಂದ ಹೊರಗೆ, ಬೇರೆ ಡಬ್ಬಿಗಳಿಂದ ದೂರ ಇಡಿ, ತಯಾರಕರು ಹೇಳುವ ರೀತಿಯಲ್ಲಿ ಇವತ್ತೇ ನಾಶ ಮಾಡಿ. ಆ ಡಬ್ಬಿಯಿಂದ ಈಚೆಗೆ ತುಂಬಿದ ತೋಟಾ ಇದ್ದರೆ ಅವನ್ನೂ ಹೊಡೆಯಬೇಡಿ. ಉಳಿದ ಡಬ್ಬಿಗಳನ್ನು ತಂಪಾಗಿ, ಒಣಗಿದ ಜಾಗದಲ್ಲಿ, ಅವು ಬಂದ ಡಬ್ಬಿಯಲ್ಲೇ ಇಡಿ. ಗಾಜಿನ ಬಾಟಲಿಗೆ ಸುರಿದು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದೇನೆ ಅಂತ ಹೋದ ತಿಂಗಳು ಒಬ್ಬರು ಬರೆದಿದ್ದರು. ಸ್ವಾಮಿ, ಇದನ್ನು ಓದುತ್ತಿದ್ದರೆ ಮೊದಲು ಎದ್ದು ಹೋಗಿ ಅದನ್ನು ಅಲ್ಲಿಂದ ತೆಗೆಯಿರಿ.